ಐಎಂಎಸ್‌ಎಲ್‌ಪಿ: ನುಡಿಸುವ ಮುಂಚೆ ಕಣ್ಣಿಟ್ಟು ನೋಡುವುದಕ್ಕೆ

ಮೈಸೂರಿನಲ್ಲಿ ಮನೆಯಲ್ಲೇ ಪಿಯಾನೊ ಪಾಠ ಹೇಳುತ್ತೇನೆ. ಬರುವ ಮಕ್ಕಳಲ್ಲಿ ಗ್ರೇಡ್ ಪರೀಕ್ಷೆಗೆ ಕೂರುವವರೇ ಜಾಸ್ತಿ. ಸ್ವಲ್ಪ ಮೇಲಿನ ಗ್ರೇಡಿಗೆ ಬಂದರೆ ಹೈಡನ್, ಮೊಜಾರ್ಟ್, ಬೀಥೋವನ್ ಸೊನಾಟಾಗಳು (ಕೆಲವು ಭಾಗಗಳಿರುವ ವಾದ್ಯ ಕೃತಿಗಳು) ಶುರುವಾಗುತ್ತವೆ. ಆಗ ಅಪ್ಪ ಅಮ್ಮಂದಿರು ತಪ್ಪದೆ ಕೇಳುವ ಮಾತು ಇದು: "ಮೇಡಂ, ಪುಸ್ತಕ ಕೊಳ್ಳಲೇಬೇಕಾ? ನೆಟ್‌ನಲ್ಲಿ ಸುಮ್ನೆ ಸಿಗುತ್ತಂತಲ್ಲ?"

ಸಿಗುತ್ತದೆ. ಐಎಂಎಸ್‌ಎಲ್‌ಪಿ (ಇಂಟರ್‌ನ್ಯಾಷನಲ್ ಮ್ಯೂಸಿಕ್ ಸ್ಕೋರ್ ಲೈಬ್ರರಿ ಪ್ರಾಜೆಕ್ಟ್) ಎಂಬ ತಾಣದಲ್ಲಿ. ಪೆಟ್ರುಚಿ ಮ್ಯೂಸಿಕ್ ಲೈಬ್ರರಿ ಎಂದೂ ಅದಕ್ಕೆ ಹೆಸರಿದೆ. ವರ್ಷಗಳಿಂದ ಬಳಸುತ್ತಿದ್ದೇನೆ, ಮಕ್ಕಳ ಕೈಯಲ್ಲೂ ಬಳಸಿಸುತ್ತಿದ್ದೇನೆ. ಆದರೆ "ಪುಕ್ಕಟೆ ಪುಸ್ತಕದಂಗಡಿ" ಎಂದು ಅದನ್ನು ನೋಡುವವರಿಗೆ ಅದರ ಅರ್ಧ ಉಪಯೋಗವೂ ಆಗುವುದಿಲ್ಲ. ಒಂದು ಸೊನಾಟಾ ಅಥವಾ ಆರ್ಕೆಸ್ಟ್ರಾಗೆ ಬರೆದ ಸಿಂಫನಿಯನ್ನು ಹೇಗೆ ಕಟ್ಟಿದ್ದಾರೆ ಎಂದು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ. ಪರೀಕ್ಷೆಗೆ, ವೇದಿಕೆಗೆ ಇದರ ಪ್ರಿಂಟ್ ಸಾಕೇ ಎಂದರೆ, ಬಹಳ ಸಲ ಸಾಲದು. ಏಕೆಂದು ಮುಂದೆ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. 2006ರಲ್ಲಿ ಎಡ್ವರ್ಡ್ ಗುವೊ ಎಂಬ ಹುಡುಗ ಕೆನಡಾದಲ್ಲಿ ಶುರುಮಾಡಿದ ತಾಣ ಇದು. ಕಾಪಿರೈಟ್ ಮುಗಿದ ಸ್ವರಲಿಪಿಗಳನ್ನು ಜನರೇ ಸ್ಕ್ಯಾನ್ ಮಾಡಿ ಹಾಕುತ್ತಾರೆ. ಪೆಟ್ರುಚಿ ಎಂದರೆ 1501ರಲ್ಲಿ ವೆನಿಸ್‌ನಲ್ಲಿ ಸ್ವರಲಿಪಿಯ ಪುಸ್ತಕ ಅಚ್ಚು ಹಾಕಿದ ಮುದ್ರಕ. 2007ರಲ್ಲಿ ವಿಯೆನ್ನಾದ ಯೂನಿವರ್ಸಲ್ ಎಡಿಷನ್ ಪ್ರಕಾಶನದ ವಕೀಲರ ಪತ್ರ ಬಂದು ತಾಣವನ್ನೇ ಮುಚ್ಚಿದ್ದರು. ಮರು ವರ್ಷದ ನಡುವಿನಲ್ಲಿ ಮತ್ತೆ ತೆರೆಯಿತು. ಈಗ ಅಲ್ಲಿ ಲಕ್ಷಗಟ್ಟಲೆ ಸ್ಕೋರ್‌ಗಳು, ಅಂದರೆ ಸ್ವರಲಿಪಿಗಳು, ಇವೆ.

ಹುಡುಕುವುದು ಸುಲಭ, ಆದರೆ ಕೃತಿಯ ಪಟ್ಟಿ ನಂಬರ್ ಗೊತ್ತಿರಬೇಕು. "ಮೊಜಾರ್ಟ್ ಸೊನಾಟಾ ಸಿ ಮೇಜರ್" ಎಂದು ಹಾಕಿದರೆ ಒಂದು ರಾಶಿ ಬಂದು ಬೀಳುತ್ತದೆ. ಮೊಜಾರ್ಟ್‌ಗೆ ಕ್ಯೋಷೆಲ್ (ಕೆ.) ನಂಬರ್, ಹೈಡನ್‌ಗೆ ಹೊಬೊಕೆನ್ ನಂಬರ್, ಬೀಥೋವನ್‌ಗೆ ಓಪಸ್ ನಂಬರ್ ಕೊಡಿ, ನೇರ ಹೋಗಿ ನಿಲ್ಲುತ್ತೀರಿ. ಒಂದೊಂದು ಕೃತಿಯ ಪುಟದಲ್ಲೂ ಪೂರ್ತಿ ಸ್ಕೋರ್ ಬೇರೆ, ಒಬ್ಬೊಬ್ಬ ವಾದಕನ ಪಾರ್ಟ್ ಬೇರೆ, ಬೇರೆ ವಾದ್ಯಗಳಿಗೆ ಹೊಂದಿಸಿದ ಅರೇಂಜ್‌ಮೆಂಟ್ ಬೇರೆ ಎಂದು ವಿಂಗಡಿಸಿರುತ್ತಾರೆ. ಈ ವಿಂಗಡಣೆಯೇ ನನ್ನ ಕೆಲಸಕ್ಕೆ ಬರುವುದು.

ಮಕ್ಕಳಿಗೆ ಮೊದಲು ತೆಗೆಸುವುದು ಮೊಜಾರ್ಟ್‌ನ ಕೆ. 545, ಸಿ ಮೇಜರ್ ಸೊನಾಟಾ. ಪಿಯಾನೊ ಕಲಿತವರೆಲ್ಲ ಎಂದಾದರೊಮ್ಮೆ ಇದನ್ನು ನುಡಿಸಿರುತ್ತಾರೆ. 1788ರ ಜೂನ್ 26ರಂದು ಮೊಜಾರ್ಟ್ ತನ್ನ ಕೃತಿಗಳ ಪಟ್ಟಿಯಲ್ಲಿ ಇದನ್ನು "ಆರಂಭದವರಿಗೆ ಒಂದು ಪುಟ್ಟ ಸೊನಾಟಾ" ಎಂದು ಬರೆದುಕೊಂಡ. ಅದೇ ದಿನದ ನಮೂದಿನಲ್ಲಿ 39ನೇ ಸಿಂಫನಿಯೂ ಇದೆ. ಮೊದಲ ಮೂವ್‌ಮೆಂಟ್, ಅಂದರೆ ಮೊದಲ ಭಾಗ, ಬರೀ 73 ಬಾರ್ (ಉದ್ದ ಗೆರೆಗಳ ನಡುವಿನ ಒಂದೊಂದು ತಾಳದ ಮನೆಯೇ ಬಾರ್). ಎ4 ಹಾಳೆಯಲ್ಲಿ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿದರೆ ಇಡೀ ಮೂವ್‌ಮೆಂಟ್ ಒಂದೇ ನೋಟಕ್ಕೆ ಸಿಗುತ್ತದೆ.

ಹಳೇ ಮುದ್ರಣಗಳಲ್ಲಿ ಬಾರ್ ನಂಬರ್ ಇರುವುದೇ ಅಪರೂಪ. ಹಾಗಾಗಿ ಮೊದಲ ಕೆಲಸ ಪೆನ್ಸಿಲ್‌ನಲ್ಲಿ ನಂಬರ್ ಹಾಕುವುದು. ಮಕ್ಕಳು ಗೊಣಗುತ್ತಾರೆ, ಹಾಕುತ್ತಾರೆ. ಆಮೇಲೆ ಬಣ್ಣದ ಹೈಲೈಟರ್. ಒಂದರಿಂದ ನಾಲ್ಕನೇ ಬಾರ್‌ವರೆಗೆ ಮೊದಲ ಥೀಮ್, ಅಂದರೆ ಮುಖ್ಯ ಟ್ಯೂನ್, ಸಿ ಮೇಜರ್ ಕೀಯಲ್ಲಿ (ಸಿ ಸ್ವರವೇ ಅದರ ಆಧಾರ). ಐದರಿಂದ ಸ್ಕೇಲ್‌ಗಳು ಮೇಲೆ ಕೆಳಗೆ ಓಡುತ್ತವೆ. ಹನ್ನೆರಡಕ್ಕೆ ಬಂದು ಒಂದು ಕಡೆ ನಿಲ್ಲುತ್ತದೆ, ಸಣ್ಣ ವಿರಾಮ. ಹದಿಮೂರರಲ್ಲಿ ಎಡಗೈ ಒಂದೇ ತೂಗುತ್ತಿರುತ್ತದೆ. ಹದಿನಾಲ್ಕರಲ್ಲಿ ಎರಡನೇ ಥೀಮ್, ಜಿ ಮೇಜರ್‌ನಲ್ಲಿ. ಇಪ್ಪತ್ತೆಂಟರಲ್ಲಿ ಎರಡು ಚುಕ್ಕಿಯ ರಿಪೀಟ್ ಗುರುತು. ಇಷ್ಟೂ ಎಕ್ಸ್‌ಪೊಸಿಷನ್, ಥೀಮ್‌ಗಳನ್ನು ಪರಿಚಯಿಸುವ ಭಾಗ. 29ರಿಂದ 41ರವರೆಗೆ ಡೆವಲಪ್‌ಮೆಂಟ್, ಅವನ್ನು ಬೆಳೆಸುವ ಭಾಗ. ಬರೀ ಹದಿಮೂರು ಬಾರ್, ಅದೂ ಜಿ ಮೈನರ್‌ನಲ್ಲಿ ಶುರು. ಎಕ್ಸ್‌ಪೊಸಿಷನ್‌ನ ಬಾಲದ ತುಂಡನ್ನೇ ಹಿಡಿದು ಎಳೆಯುತ್ತಾನೆ.

ಮಜಾ ಇರುವುದು 42ನೇ ಬಾರ್‌ನಲ್ಲಿ. ಇಲ್ಲಿಂದ ರೀಕ್ಯಾಪ್, ಥೀಮ್‌ಗಳು ಮರಳುವ ಭಾಗ. ಈ ಮೂರು ಭಾಗದ ಕಟ್ಟಡಕ್ಕೇ ಸೊನಾಟಾ ಫಾರ್ಮ್ ಎನ್ನುವುದು. ಪಠ್ಯಪುಸ್ತಕದ ಪ್ರಕಾರ ಮೊದಲ ಥೀಮ್ ಮನೆ ಕೀಗೆ, ಅಂದರೆ ಸಿ ಮೇಜರ್‌ಗೆ, ಮರಳಬೇಕು. ಇಲ್ಲಿ ಎಫ್ ಮೇಜರ್‌ನಲ್ಲಿ ಬರುತ್ತದೆ! ಥಿಯರಿ ಉರು ಹೊಡೆದ ಹುಡುಗಿಯೊಬ್ಬಳು "ಪ್ರಿಂಟ್ ತಪ್ಪಾಗಿದೆ ಮೇಡಂ" ಎಂದಿದ್ದಳು. ಪುಟ ಬೇರೆ ಬೇರೆ ಎಡಿಷನ್‌ಗಳಿಂದ ತೆಗೆದು ತೋರಿಸಿದೆ. ಎಲ್ಲದರಲ್ಲೂ ಎಫ್. ಆಮೇಲೆ ಲೆಕ್ಕ ಹಾಕಿದೆವು. ಎಕ್ಸ್‌ಪೊಸಿಷನ್‌ನಲ್ಲಿ ಸಿ ಇಂದ ಜಿಗೆ ಹೋದ, ಅಂದರೆ ಐದು ಸ್ವರ ಮೇಲೆ. ಈಗ ಎಫ್ ಇಂದ ಐದು ಸ್ವರ ಮೇಲೆ ಹೋದರೆ ಎಲ್ಲಿಗೆ? ಸಿಗೆ! ಅದೇ ದಾರಿಯಲ್ಲಿ ನಡೆದರೂ ಎರಡನೇ ಥೀಮ್ ತಾನಾಗಿ ಮನೆಗೆ ಬಂದು ಬೀಳುತ್ತದೆ. ಹಾಗಂತ ಮೊಜಾರ್ಟ್ ಸೋಮಾರಿತನ ಮಾಡಿದ ಅನ್ನುವಂತಿಲ್ಲ. ಎಕ್ಸ್‌ಪೊಸಿಷನ್ 28 ಬಾರ್, ರೀಕ್ಯಾಪ್ 32. ಆ ನಾಲ್ಕು ಬಾರ್ ಎಲ್ಲಿ ಹೆಚ್ಚಾಯಿತು ಎಂದು ಹುಡುಕಲು ಬಿಟ್ಟರೆ ಮಕ್ಕಳೇ ಹಿಡಿಯುತ್ತಾರೆ: ಸ್ಕೇಲ್‌ಗಳ ಜಾಗದಲ್ಲಿ. ಈ ಸಲ ಎಡಗೈಗೂ ಓಡುವ ಸರದಿ ಕೊಟ್ಟಿದ್ದಾನೆ.

ಇದನ್ನು ಬಾಯಲ್ಲಿ ಹೇಳಿದ್ದರೆ ಅರ್ಧ ಗಂಟೆಯ ಬೋರ್ ಪಾಠ ಆಗುತ್ತಿತ್ತು. ಹಾಳೆಯ ಮೇಲೆ ಬಣ್ಣ ಬಳಿದದ್ದಕ್ಕೆ ತಲೆಗೆ ಹೋಯಿತು. ನಾಲ್ಕು ಸಾವಿರ ಕೊಟ್ಟು ತಂದ ಪುಸ್ತಕದ ಮೇಲೆ ಯಾವ ತಾಯಿ ಹೈಲೈಟರ್ ಬಳಿಯಲು ಬಿಡುತ್ತಾಳೆ ಹೇಳಿ.

ಇಲ್ಲಿಂದ ಮುಂದೆ ಹೋದಷ್ಟೂ ಎಕ್ಸ್‌ಪೊಸಿಷನ್, ಡೆವಲಪ್‌ಮೆಂಟ್, ರೀಕ್ಯಾಪ್ ಎಂಬ ಪಠ್ಯಪುಸ್ತಕದ ಮೂರು ಪೆಟ್ಟಿಗೆಯ ಚಿತ್ರ ಒಡೆಯುತ್ತಾ ಹೋಗುತ್ತದೆ. ಹೈಡನ್‌ನ 104ನೇ ಸಿಂಫನಿ ತೆಗೆಯಿರಿ. 1795ರಲ್ಲಿ ಲಂಡನ್‌ನಲ್ಲಿ ನುಡಿಸಿದ್ದು. ಅದರ ಮೊದಲ ಮೂವ್‌ಮೆಂಟ್‌ನಲ್ಲಿ ಎರಡನೇ ಥೀಮ್ ಎಲ್ಲಿದೆ ಎಂದು ಹುಡುಕಿದರೆ, ಮೊದಲನೆಯದೇ ಎ ಮೇಜರ್ ಅಂಗಿ ಹಾಕಿಕೊಂಡು ಬಂದು ನಿಂತಿರುತ್ತದೆ. ಹೈಡನ್‌ಗೆ ಇದು ಅಭ್ಯಾಸ. ಮುಖ್ಯ ಆಗಿದ್ದು ಕೀ ಬದಲಾಗುವುದು, ಹೊಸ ಟ್ಯೂನ್ ಅಲ್ಲ. ಮೊಜಾರ್ಟ್‌ನ ಕೆ. 331, "ಸೊನಾಟಾ" ಎಂದೇ ಹೆಸರು, ಆದರೆ ಮೊದಲ ಮೂವ್‌ಮೆಂಟ್ ಒಂದು ಥೀಮ್ ಮತ್ತು ಆರು ವೇರಿಯೇಷನ್. ಎರಡನೆಯದು ಮಿನುಯೆಟ್ ಎಂಬ ನೃತ್ಯದ ಧಾಟಿ, ಮೂರನೆಯದು ಎಲ್ಲರಿಗೂ ಗೊತ್ತಿರುವ ಟರ್ಕಿಷ್ ಮಾರ್ಚ್. ಸೊನಾಟಾ ಫಾರ್ಮ್ ಎಂಬುದು ಮೂರರಲ್ಲೂ ಇಲ್ಲ. ಕೆ. 488 ಪಿಯಾನೊ ಕಾನ್ಸರ್ಟೊದಲ್ಲಿ ಆರ್ಕೆಸ್ಟ್ರಾ ಮೊದಲು ಎರಡೂ ಥೀಮ್‌ಗಳನ್ನು ಎ ಮೇಜರ್‌ನಲ್ಲೇ ನುಡಿಸಿ ಮುಗಿಸುತ್ತದೆ. ಪಿಯಾನೊ ಬಂದ ಮೇಲೇ ಇ ಮೇಜರ್‌ಗೆ ಹೊರಡುವುದು. ಸಾಲುಗಳು ಜಾಸ್ತಿ ಎಂದು ಆರ್ಕೆಸ್ಟ್ರಾ ಸ್ಕೋರ್ ನೋಡಲು ಮಕ್ಕಳು ಹೆದರುತ್ತಾರೆ. ಮೊದಲ ವಯಲಿನ್‌ನ ಸಾಲನ್ನು ಮಾತ್ರ ಬೆರಳಲ್ಲಿ ಹಿಡಿದುಕೊಂಡು ಹೋಗಿ ಎನ್ನುತ್ತೇನೆ, ಸಾಕಾಗುತ್ತದೆ.

ರಿಪೀಟ್ ಗುರುತುಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ರೆಕಾರ್ಡಿಂಗ್ ಕೇಳಿ ಬೆಳೆದವರಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಎಷ್ಟೋ ಜನ ಎರಡನೇ ಅರ್ಧದ ರಿಪೀಟ್ ನುಡಿಸುವುದಿಲ್ಲ. ಸ್ಕೋರ್‌ನಲ್ಲಿ ನೋಡಿ: ಕೆ. 545ರಲ್ಲಿ ಎಕ್ಸ್‌ಪೊಸಿಷನ್‌ಗೂ ರಿಪೀಟ್ ಇದೆ, ಡೆವಲಪ್‌ಮೆಂಟ್ ಮತ್ತು ರೀಕ್ಯಾಪ್ ಸೇರಿಸಿ ಅದಕ್ಕೂ ಇದೆ. ಅಂದರೆ ಕಾಗದದ ಮೇಲೆ ಇದು ಎರಡು ಭಾಗದ ಸಂಗೀತ. ಆ ಕಾಲದವರು ನೋಡುತ್ತಿದ್ದುದೂ ಹಾಗೆಯೇ. ಹೈನ್ರಿಕ್ ಕ್ರಿಸ್ಟಾಫ್ ಕೋಖ್ 1782ರಿಂದ 1793ರ ಒಳಗೆ ಬರೆದ ಗ್ರಂಥದಲ್ಲಿ ಇದನ್ನು ಎರಡು ಭಾಗವೆಂದೇ ವಿವರಿಸಿದ. ಮೂರು ಪೆಟ್ಟಿಗೆಯ ಚಿತ್ರ ಗಟ್ಟಿಯಾದದ್ದು 19ನೇ ಶತಮಾನದಲ್ಲಿ, ಎ. ಬಿ. ಮಾರ್ಕ್ಸ್‌ನಂಥವರ ಬರಹದಿಂದ. ಅಷ್ಟು ಹೊತ್ತಿಗೆ ಮೊಜಾರ್ಟ್, ಹೈಡನ್, ಬೀಥೋವನ್ ಮೂವರೂ ತೀರಿಹೋಗಿದ್ದರು. ಇನ್ನು ಬೀಥೋವನ್‌ನ ಅಪಾಸಿಯೊನಾಟಾ, ಓಪಸ್ 57, ತೆಗೆದು ನೋಡಿ. ಮೊದಲ ಮೂವ್‌ಮೆಂಟ್‌ನಲ್ಲಿ ಎಕ್ಸ್‌ಪೊಸಿಷನ್‌ಗೆ ರಿಪೀಟ್ ಗುರುತೇ ಇಲ್ಲ. ಬೇಕೆಂದೇ ಬಿಟ್ಟಿದ್ದಾನೆ. ಕೇಳುವವನು ಶುರುವಿಗೆ ಮರಳಿದೆ ಅಂದುಕೊಳ್ಳುವಷ್ಟರಲ್ಲಿ ಅವನು ಮುಂದೆ ಹೋಗಿಬಿಟ್ಟಿರುತ್ತಾನೆ.

ಸ್ಕೋರ್ ನೋಡಿದವರಿಗೆ ಮಾತ್ರ ಪೂರ್ತಿ ಸಿಗುವ ತಮಾಷೆಗಳೂ ಇವೆ. ಹೈಡನ್‌ನ 47ನೇ ಸಿಂಫನಿಯ ಮಿನುಯೆಟ್‌ನಲ್ಲಿ ಎರಡನೇ ಭಾಗ ಎಂದರೆ ಮೊದಲ ಭಾಗವನ್ನೇ ಹಿಂದಿನಿಂದ ಮುಂದಕ್ಕೆ ನುಡಿಸುವುದು. ಮಿನುಯೆಟ್‌ನ ನಡುವಿನ ಭಾಗವಾದ ಟ್ರಿಯೊ ಕೂಡ ಹಾಗೇ. ಕೇಳುವಾಗ "ಏನೋ ವಿಚಿತ್ರ ಇದೆ" ಅನ್ನಿಸುತ್ತದೆ ಅಷ್ಟೆ. ಹಾಳೆಯ ಮೇಲೆ ಕೊನೆಯ ಸ್ವರದಿಂದ ಬೆರಳಿಟ್ಟು ಬಂದರೆ ಗೊತ್ತಾಗುತ್ತದೆ. ಇದೇ ಆಟವನ್ನು ಎ ಮೇಜರ್ ಪಿಯಾನೊ ಸೊನಾಟಾ ಒಂದರಲ್ಲೂ ಇಟ್ಟಿದ್ದಾನೆ, ಹೊಬೊಕೆನ್ 16ರ 26. ಪಿಯಾನೊದವರು ಅದನ್ನೇ ಇಳಿಸಿಕೊಳ್ಳಿ, ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಹೈಡನ್‌ನ ಓಪಸ್ 33ರ ಎರಡನೇ ಕ್ವಾರ್ಟೆಟ್ (ನಾಲ್ವರು ನುಡಿಸುವ ಕೃತಿ), 1781ರದು. "ಜೋಕ್" ಎಂದೇ ಅದನ್ನು ಕರೆಯುವುದು. ಕೊನೆಯ ಮೂವ್‌ಮೆಂಟ್ ರೊಂಡೊ. ಒಂದು ಟ್ಯೂನ್ ನಮ್ಮ ಪಲ್ಲವಿಯ ಹಾಗೆ ಮತ್ತೆ ಮತ್ತೆ ಬರುತ್ತಿರುತ್ತದೆ. ಮುಗಿಯಿತು ಅನ್ನುವಾಗ ಧಿಡೀರನೆ ನಿಧಾನವಾದ ಅಡಾಜಿಯೊ. ಆಮೇಲೆ ಮತ್ತೆ ಟ್ಯೂನ್, ಆದರೆ ತುಂಡು ತುಂಡಾಗಿ. ಒಂದು ತುಂಡು, ಮೌನ. ಇನ್ನೊಂದು ತುಂಡು, ಮೌನ. ನಾಲ್ಕು ತುಂಡೂ ಆದ ಮೇಲೆ ಇನ್ನೂ ಉದ್ದದ ಮೌನ. ಜನ ಚಪ್ಪಾಳೆ ತಟ್ಟಲು ಕೈ ಎತ್ತಿದಾಗ ಮೊದಲ ತುಂಡನ್ನು ಮೆಲ್ಲಗೆ ಇನ್ನೊಂದು ಸಲ ನುಡಿಸಿ ಹೋಗಿಬಿಡುತ್ತಾರೆ. ಟ್ಯೂನ್‌ನ ಶುರುವೇ ಮೂವ್‌ಮೆಂಟ್‌ನ ಕೊನೆ. ಇದರ ಸ್ಕೋರ್ ಮತ್ತು ಚೆಲ್ಲೊ ಪಾರ್ಟ್ ಎರಡನ್ನೂ ಇಳಿಸಿಕೊಂಡು ಪಕ್ಕಪಕ್ಕ ಇಡಿ. ಸ್ಕೋರ್‌ನಲ್ಲಿ ನಾಲ್ವರೂ ಒಟ್ಟಿಗೆ ಬಾಯಿ ಮುಚ್ಚುವುದು ಕಾಣುತ್ತದೆ. ಪಾರ್ಟ್‌ನಲ್ಲಿ ಬರೀ ರೆಸ್ಟ್ ಗುರುತು. ಚೆಲ್ಲೊದವನಿಗೆ ಉಳಿದವರು ನುಡಿಸುತ್ತಿದ್ದಾರೋ ಇಲ್ಲವೋ ಅವನ ಹಾಳೆಯಿಂದ ಗೊತ್ತಾಗುವುದಿಲ್ಲ, ಎಣಿಸುತ್ತಾ ಕೂರಬೇಕು. ಹೈಡನ್ ಕೇಳುವವರ ಕಾಲು ಎಳೆಯುವುದರ ಜೊತೆಗೆ ನುಡಿಸುವವರ ಕಾಲನ್ನೂ ಎಳೆದಿದ್ದಾನೆ. ಎರಡೂ ಕಡತ ಒಂದೇ ಪುಟದಲ್ಲಿ ಸಿಗುವ ತಾಣ ಇಲ್ಲದಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಅರೇಂಜ್‌ಮೆಂಟ್ ವಿಭಾಗವನ್ನು ಯಾರೂ ತೆರೆಯುವುದಿಲ್ಲ. ಪಿಯಾನೊ ಕಲಿಯುವವರಿಗೆ ನಿಜವಾದ ಖಜಾನೆ ಅದೇ. ರೇಡಿಯೊ, ಗ್ರಾಮಫೋನ್ ಇಲ್ಲದ ಕಾಲದಲ್ಲಿ ಜನ ಸಿಂಫನಿಗಳನ್ನು ಮನೆಯಲ್ಲಿ ನಾಲ್ಕು ಕೈಯಲ್ಲಿ ನುಡಿಸಿಕೊಳ್ಳುತ್ತಿದ್ದರು. ಆ ಪುಸ್ತಕಗಳೆಲ್ಲ ಇಲ್ಲಿವೆ. ಹೈಡನ್‌ನ "ಸರ್‌ಪ್ರೈಸ್" ಸಿಂಫನಿಯ ಎರಡನೇ ಮೂವ್‌ಮೆಂಟನ್ನು ಕೆಳಗಿನ ಭಾಗ ನಾನು, ಮೇಲಿನ ಭಾಗ ಮಗು ನುಡಿಸುತ್ತೇವೆ. ಆ ಡಮ್ ಎನ್ನುವ ದೊಡ್ಡ ಕಾರ್ಡ್ ಬರುವುದು ಸರಿಯಾಗಿ 16ನೇ ಬಾರ್‌ನಲ್ಲಿ. ಅದಾದ ಮೇಲೆ ವೇರಿಯೇಷನ್‌ಗಳಲ್ಲಿ ಹೈಡನ್ ಆ ಜೋಕನ್ನು ಮತ್ತೆ ಹೇಳುವುದಿಲ್ಲ, ಗಮನಿಸಿದ್ದೀರಾ?

ಬೀಥೋವನ್‌ನ ಒಂಬತ್ತೂ ಸಿಂಫನಿಗಳನ್ನು ಸಂಯೋಜಕ ಫ್ರಾಂಜ್ ಲಿಸ್ಟ್ ಒಬ್ಬನೇ ಪಿಯಾನೊಗೆ ಇಳಿಸಿದ್ದಾನೆ. ನುಡಿಸುವುದು ನನ್ನ ಕೈಲಾಗದ ಮಾತು, ಓದುವುದಕ್ಕೆ ಮಾತ್ರ ಚೆನ್ನ. ಅವುಗಳಲ್ಲಿ ಮೂರನೆಯದಾದ "ಎರೋಯಿಕಾ"ದ ಮೊದಲ ಮೂವ್‌ಮೆಂಟ್ 691 ಬಾರ್. ಎಕ್ಸ್‌ಪೊಸಿಷನ್ ಸುಮಾರು 150, ಡೆವಲಪ್‌ಮೆಂಟ್ ಸುಮಾರು 245, ಕೊನೆಗೆ ಸೇರಿಸುವ ಕೋಡಾ ಒಂದೇ ಸುಮಾರು 135. ಕೆ. 545ರ ಇಡೀ ಮೂವ್‌ಮೆಂಟ್ ಈ ಕೋಡಾದೊಳಗೆ ಹೆಚ್ಚುಕಡಿಮೆ ಎರಡು ಸಲ ಹಿಡಿಸುತ್ತದೆ. ಎರಡರ ನಡುವೆ ಇರುವುದು ಹದಿನೈದು ಹದಿನಾರು ವರ್ಷ ಅಷ್ಟೆ. ರೀಕ್ಯಾಪ್‌ಗೆ ನಾಲ್ಕು ಬಾರ್ ಮುಂಚೆ, 394ರಲ್ಲಿ, ವಯಲಿನ್‌ಗಳು ಇನ್ನೂ ಬೇರೆ ಕಾರ್ಡ್‌ನಲ್ಲಿ ನಡುಗುತ್ತಿರುವಾಗಲೇ ಹಾರ್ನ್ ಒಂದು ಥೀಮ್ ಶುರುಮಾಡಿಬಿಡುತ್ತದೆ. ರಿಹರ್ಸಲ್‌ನಲ್ಲಿ ಶಿಷ್ಯ ರೀಸ್ "ಹಾರ್ನ್‌ನವನಿಗೆ ಎಣಿಸಲು ಬರುವುದಿಲ್ಲವೇ" ಎಂಬಂತೆ ಬೈದನಂತೆ. ಬೀಥೋವನ್‌ನಿಂದ ಕಪಾಳಕ್ಕೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು ಎಂದು ಅವನೇ ಬರೆದುಕೊಂಡಿದ್ದಾನೆ. ಸ್ಕೋರ್‌ನಲ್ಲಿ ಆ ಜಾಗ ನೋಡಿದರೆ ರೀಸ್ ಮೇಲೆ ಪಾಪ ಅನ್ನಿಸುತ್ತದೆ.

ಇನ್ನು ತಕರಾರು.

ದೊಡ್ಡದು ಎಡಿಷನ್‌ಗಳದು. ಕಾಪಿರೈಟ್ ಮುಗಿದದ್ದನ್ನು ಹಾಕುವುದರಿಂದ ಅಲ್ಲಿರುವ ಬಹುಪಾಲು ಹಳೆಯ ಮುದ್ರಣಗಳು. 19ನೇ ಶತಮಾನದ ಸಂಪಾದಕರಿಗೆ ಸುಮ್ಮನಿರುವ ಅಭ್ಯಾಸವೇ ಇರಲಿಲ್ಲ. ಲೆಬರ್ಟ್ ಸಂಪಾದಿಸಿದ ಮೊಜಾರ್ಟ್ ತೆಗೆದರೆ ಮೊಜಾರ್ಟ್ ಬರೆಯದ ಸ್ಲರ್, ಕ್ರೆಸೆಂಡೊ ಎಂಬ ನುಡಿಸುವ ಗುರುತುಗಳು ಪುಟದ ತುಂಬ. ಬ್ಯೂಲೋ ಸಂಪಾದಿಸಿದ ಬೀಥೋವನ್‌ನಲ್ಲಿ ಅಡಿಟಿಪ್ಪಣಿಗಳದೇ ಕಾರುಬಾರು. ಓದಲು ಮಜವಾಗಿದೆ, ಪರೀಕ್ಷೆಗೆ ತಗೊಂಡು ಹೋಗಬೇಡಿ. ಫಾರ್ಮ್ ನೋಡುವವರಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ, ಬಾರ್‌ಗಳು ಅವೇ, ಕೀಗಳು ಅವೇ. ನುಡಿಸುವವರಿಗೆ ಮಾತ್ರ ತೊಂದರೆ.

ಹಳೆಯದು ಹಳೆಯದೇ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. ಆ ಕೆ. 331ರ ಮೊಜಾರ್ಟ್ ಕೈಬರಹದ ನಾಲ್ಕು ಪುಟ 2014ರಲ್ಲಿ ಬುಡಾಪೆಸ್ಟ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸಿಕ್ಕಿತು. ಅಚ್ಚಿನಲ್ಲಿ ಇದ್ದುದಕ್ಕೂ ಅದಕ್ಕೂ ಅಲ್ಲಲ್ಲಿ ವ್ಯತ್ಯಾಸ. ನೂರೈವತ್ತು ವರ್ಷದ ಹಿಂದಿನ ಮುದ್ರಣದ ಸ್ಕ್ಯಾನ್‌ನಲ್ಲಿ ಅದು ಹೇಗೆ ಬರಬೇಕು? ಮೊಜಾರ್ಟ್ ಮಟ್ಟಿಗೆ ಒಂದು ಉಪಾಯ ಇದೆ. ಸಾಲ್ಜ್‌ಬರ್ಗ್‌ನ ಮೊಜಾರ್ಟಿಯಂ ಸಂಸ್ಥೆ ಹೊಸ ಮೊಜಾರ್ಟ್ ಸಮಗ್ರ ಆವೃತ್ತಿಯನ್ನು 2006ರ ಕೊನೆಯಿಂದ ತನ್ನ ತಾಣದಲ್ಲೇ ಉಚಿತವಾಗಿ ಇಟ್ಟಿದೆ. ಐಎಂಎಸ್‌ಎಲ್‌ಪಿಯಲ್ಲಿ ಕೃತಿ ಹುಡುಕಿ, ಅಲ್ಲಿ ಹೋಗಿ ತಾಳೆ ನೋಡಿ. ಹೈಡನ್, ಬೀಥೋವನ್‌ಗೆ ಅಷ್ಟು ಸುಲಭದ ದಾರಿ ಇಲ್ಲ. ಪರೀಕ್ಷೆಯ ತುಣುಕಿಗಾದರೂ ಒಳ್ಳೆಯ ಪುಸ್ತಕ ಕೊಳ್ಳಿ ಎಂದೇ ಹೇಳುತ್ತೇನೆ. ಹೆನ್ಲೆ ಪ್ರಕಾಶನದ ನೀಲಿ ರಟ್ಟಿನ ಪುಸ್ತಕ ದುಬಾರಿ, ನಿಜ. ಆದರೆ ಅಕ್ಕ ಕಲಿತ ಮೇಲೆ ತಮ್ಮನೂ ಕಲಿಯಬಹುದು, ಹಾಳೆ ಬಿಚ್ಚುವುದಿಲ್ಲ.

ಕಾನೂನಿನ ವಿಚಾರ ಸಣ್ಣದಾಗಿ. ನಮ್ಮಲ್ಲಿ ಕರ್ತೃ ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ. ಹೈಡನ್ ತೀರಿದ್ದು 1809ರಲ್ಲಿ, ಅವನ ಚಿಂತೆ ಬೇಡ. ಸಂಪಾದಕರು ಯಾವಾಗ ತೀರಿಕೊಂಡರು ಎಂದು ನೋಡಿ. ಯಾವ ದೇಶದಲ್ಲಿ ಯಾವುದು ಮುಕ್ತ ಎಂದು ತಾಣದವರು ಕಡತದ ಪಕ್ಕ ಗುರುತು ಹಾಕಿರುತ್ತಾರೆ, ಆದರೆ ಅದು ಮುಖ್ಯವಾಗಿ ಕೆನಡಾ, ಅಮೆರಿಕ, ಯುರೋಪಿನ ಲೆಕ್ಕ. ನಮ್ಮದನ್ನು ನಾವೇ ನೋಡಿಕೊಳ್ಳಬೇಕು.

ಒಂದು ಎಚ್ಚರಿಕೆ. ಆನ್‌ಲೈನ್ ಮಾರಾಟಗಾರರೊಬ್ಬರಿಂದ "ಸಂಪೂರ್ಣ ಸೊನಾಟಾಗಳು" ಎಂಬ ಹೊಳೆಯುವ ರಟ್ಟಿನ ಪುಸ್ತಕ ತರಿಸಿದ್ದೆ. ತೆರೆದು ನೋಡಿದರೆ ಇದೇ ಪುಕ್ಕಟೆ ಸ್ಕ್ಯಾನ್! ಯಾರದೋ ಹಳೇ ಗ್ರಂಥಾಲಯದ ಮುದ್ರೆ ಸಮೇತ. ಬೈಂಡಿಂಗ್ ಬಿಗಿ ಮಾಡಿ ಎಡಗಡೆಯ ಬಾರ್‌ಗಳನ್ನೆಲ್ಲ ನುಂಗಿಹಾಕಿದ್ದರು, ಪಿಯಾನೊ ಮೇಲೆ ಇಟ್ಟರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ವಾಪಸ್ ಕಳಿಸಿದರೂ ದುಡ್ಡು ಬರಲು ಬಹಳ ಕಾಡಿಸಿದರು. ಅದರ ಬದಲು ನೀವೇ ಪಿಡಿಎಫ್ ಇಳಿಸಿಕೊಂಡು ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಗೆ ಪೆನ್ ಡ್ರೈವ್ ಕೊಡಿ. ಎರಡೂ ಮಗ್ಗುಲು ಪ್ರಿಂಟ್, ಸ್ಪೈರಲ್ ಬೈಂಡಿಂಗ್ ಎನ್ನಿ. "ಪೇಜಿಗೆ ಸರಿಹೊಂದಿಸಿ" ಎನ್ನಲು ಮರೆಯಬೇಡಿ. ಹಳೇ ಪುಸ್ತಕಗಳ ಅಳತೆ ಎ4ಗಿಂತ ದೊಡ್ಡದು, ಇಲ್ಲದಿದ್ದರೆ ಕೆಳಗಿನ ಸಾಲು ಹೋಗಿಬಿಡುತ್ತದೆ.

ಹಣ ಕಟ್ಟಿ ಸದಸ್ಯರಾಗಬೇಕೆ? ಕಟ್ಟದಿದ್ದರೆ ಒಂದು ಒಪ್ಪಿಗೆಯ ಪುಟ ಒತ್ತಿ, ಇಳಿಸುವ ಮುಂಚೆ ಕೆಲವು ಸೆಕೆಂಡ್ ಕಾಯಬೇಕು, ಅಷ್ಟೆ. ವಾರಕ್ಕೊಂದು ಹಾಳೆ ಇಳಿಸುವವರಿಗೆ ಅಗತ್ಯವಿಲ್ಲ. ನನ್ನ ಹಾಗೆ ಪಾಠದ ನಡುವೆ ಮೂರು ಎಡಿಷನ್ ಪಕ್ಕಪಕ್ಕ ತೆಗೆಯುವವರು ಕಟ್ಟಿಬಿಡಿ, ಮಗು ಆ ಹೊತ್ತಿಗೆ ಕಿಟಕಿ ಕಡೆ ನೋಡಲು ಶುರುಮಾಡಿರುತ್ತದೆ. ಮೊಬೈಲ್‌ನಲ್ಲಿ ಸ್ಕೋರ್ ಓದಲು ಹೋಗಬೇಡಿ, ಕಣ್ಣು ಸೋಲುತ್ತದೆ. ಟ್ಯಾಬ್ಲೆಟ್ ಪರವಾಗಿಲ್ಲ. ಕೆ. 545ಕ್ಕೆ ಮಾತ್ರ ಕಾಗದವೇ ಬೇಕು, ಪೆನ್ಸಿಲ್ ಮತ್ತು ಎರಡು ಬಣ್ಣದ ಹೈಲೈಟರ್ ಜೊತೆಗೆ.